ಪರದೆ ನೋಡದ ಅಕ್ಕೋರು

ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು. ಹುಣಸಗಿಯಿಂದ ಹವಾಲ್ದಾರ ಫೋನ್ ಮಾಡಿ, "ಕಾಕಾ, ಅಕ್ಕೋರು ತೀರಿಕೊಂಡ್ರಂತ" ಅಂದ. ನಾನು ನಕ್ಕೆ.

ನಗಬಾರದಿತ್ತು. ಆದರೆ ನಾನು ಅವನಿಗೆ ಮಾಡಿದ ಚೇಷ್ಟೆಗಳ ಸೇಡು ತೀರಿಸಿಕೊಳ್ಳಲು ಅವನು ಮೂರು ವರ್ಷದಿಂದ ಕಾಯುತ್ತಿದ್ದಾನೆಂಬುದು ನನಗೆ ಗೊತ್ತು.

"ಸಾಯೋ ವಿಷಯದಾಗ ಮಜಾಕ್ ಬ್ಯಾಡಲೇ" ಅಂದೆ.

"ಮಜಾಕ್ ಅಲ್ಲ ಕಾಕಾ, ಖರೇನ. ಒಂದೂವರಿ ತಿಂಗಳಿಂದ ದವಾಖಾನ್ಯಾಗ ಇದ್ರಂತ."

"ನೀ ಕಣ್ಣಿಲೆ ನೋಡಿಯೇನು?"

"ಇಲ್ಲ. ಅವರ ಆಫೀಸಿನವ್ರು ಹೇಳಿದ್ರು."

"ಅವರು ಹೇಳಿದ್ದು ಖರೇ ಅಂತ ನಿನಗ ಯಾಕ ಅನಸ್ತು?"

ಹವಾಲ್ದಾರ, "ಕಾಕಾ, ಈಗ ನೀನೂ ಅವರಂಗ ಕೇಳಾಕತ್ತಿ ನೋಡು" ಅಂದು ಫೋನ್ ಇಟ್ಟುಬಿಟ್ಟ.

ಅಕ್ಕೋರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೂ ನನ್ನ ಹೆಸರನ್ನು ತಮ್ಮ ವಹಿಯಲ್ಲಿ ಬರೆದಿರಲಿಲ್ಲ. 'ನಡೆಯುವವರು – ಒಂದು' ಎಂದಷ್ಟೇ ಬರೆದಿದ್ದರು. ಹಾಗೆ ಬರೆದರೆ ಯಾರ ಗುಟ್ಟೂ ಹೊರಗೆ ಹೋಗುವುದಿಲ್ಲವಂತೆ. ನಾನೋ, ದೇಶದ ರಕ್ಷಣೆಯ ಕೆಲಸದಲ್ಲಿ ನಾನೇ ನಂಬರ್ ಒನ್ ಎಂದು ಶಹಾಪುರದ ಬಸ್ ಸ್ಟ್ಯಾಂಡಿನ ತುಂಬ ಹೇಳಿಕೊಂಡು ತಿರುಗಿದೆ. ಸುಳ್ಳೇನಲ್ಲವಲ್ಲ, ವಹಿಯಲ್ಲೇ ಇದೆ.

ನಾನು ಮೂವತ್ತೊಂದು ವರ್ಷ ಶಹಾಪುರ–ಸುರಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಈ ಎರಡು ಊರುಗಳ ನಡುವೆ ನನ್ನಿಂದ ಒಮ್ಮೆಯೂ ಮೋಸಹೋಗದವನು ಯಾವನಾದರೂ ಇದ್ದರೆ ಅವನು ಬಸ್ಸನ್ನೇ ಹತ್ತಿಲ್ಲ ಎಂದು ಅರ್ಥ. ನಿವೃತ್ತಿಯಾದ ಮೇಲೆ ಮನೆತನದ ಕಸುಬಿಗೆ ಮರಳಿದೆ. ನಲವತ್ತು ಕುರಿ, ಒಂದು ಟಗರು. ಶಹಾಪುರದ ಆಚೆಯ ಬಂಡೆಗುಡ್ಡದ ಬುಡದಲ್ಲಿ ಮೇಯಿಸುತ್ತಿದ್ದೆ. ಕುರಿಗಳು ಒಳ್ಳೆಯವು, ಆದರೆ ಅವುಗಳಿಗೆ ಚೇಷ್ಟೆ ತಿಳಿಯುವುದಿಲ್ಲ. ನನಗೆ ಬೇಸರ ಹಿಡಿದಿತ್ತು.

ಅಂಥ ಹೊತ್ತಿನಲ್ಲಿ ಗುಡ್ಡದ ಕೆಳಗೆ ಜೀಪುಗಳು ಬಂದವು. ತಗಡಿನ ಶೆಡ್ಡು ಎದ್ದಿತು. ಜೇನುಹುಳದ ಹಾಗೆ ಭುಂಯ್ ಎನ್ನುವ ಡ್ರೋನ್ ಹಾರತೊಡಗಿತು. ಗುಡ್ಡ ಮಾರಿದ್ದಾರೆ ಎಂದು ಒಬ್ಬ ಹೇಳಿದ, ಬಂಗಾರ ಸಿಕ್ಕಿದೆ ಎಂದು ಇನ್ನೊಬ್ಬ ಹೇಳಿದ. ಎರಡನೆಯದನ್ನು ಹುಟ್ಟಿಸಿದವನು ನಾನೇ. ಸಂಜೆಯ ಹೊತ್ತಿಗೆ ಅದನ್ನು ಬೇರೆಯವರ ಬಾಯಲ್ಲಿ ಕೇಳಿ ನಾನೂ ಅರ್ಧ ನಂಬಿದ್ದೆ.

ಮರುದಿನ ಚಹಾದಂಗಡಿಗೆ ಒಬ್ಬ ಹೆಣ್ಣುಮಗಳು ಬಂದರು. ಐವತ್ತರ ಆಸುಪಾಸು, ಕತ್ತಿಗೆ ದಾರ ಕಟ್ಟಿದ ಕನ್ನಡಕ, ಎರಡೂ ತುದಿಗೆ ಮೊನೆ ಮಾಡಿದ ಒಂದು ಪೆನ್ಸಿಲ್. ಮಾತು ಮೈಸೂರು ಕಡೆಯದು. ಅವರು ಅಂಗಡಿಯವನಿಗೆ ಕೇಳಿದ ಮೊದಲ ಪ್ರಶ್ನೆ: "ಈ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮೋಸ ಮಾಡೋರು ಯಾರು?"

ಅಂಗಡಿಯಲ್ಲಿದ್ದ ಹದಿಮೂರೂ ಮಂದಿ ನನ್ನ ಕಡೆ ಬೆರಳು ಮಾಡಿದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಸನ್ಮಾನ ಅದು.

"ಯಜಮಾನ್ರೇ, ನಮಗೆ ನಿಮ್ಮಂಥೋರೇ ಬೇಕು" ಎಂದು ಅವರು ಎದುರಿಗೆ ಕುಳಿತು ಕೆಲಸ ವಿವರಿಸಿದರು. ಗಡಿಯಲ್ಲಿ ಇಂಥದೇ ಬಂಡೆಗಳಿವೆಯಂತೆ. ಯಂತ್ರ ಮೇಲಿನಿಂದ ನೋಡಿ, ಮನುಷ್ಯ ಇದ್ದಾನೆ ಎನಿಸಿದಲ್ಲಿ ಪರದೆಯ ಮೇಲೆ ಹಳದಿ ಚೌಕ ಬರೆಯುತ್ತದೆ. ಪರದೆಯ ಮುಂದೆ ಒಬ್ಬ ಕೂತಿರುತ್ತಾನೆ. ಅವನು 'ಹೌದು' ಅಥವಾ 'ಅಲ್ಲ' ಒತ್ತುತ್ತಾನೆ. ಅಲ್ಲ ಎಂದರೆ ಯಂತ್ರ ಆ ಜಾಗ ಬಿಟ್ಟು ಮುಂದೆ ಹೋಗಬೇಕು. ಕೊನೆಯ ಮಾತು ಮನುಷ್ಯನದೇ. ಯಂತ್ರಗಳು ಎಷ್ಟೇ ಜಾಣವಾದರೂ ಆ ಗುಂಡಿ ಮನುಷ್ಯನ ಕೈಯಲ್ಲೇ ಇರಬೇಕೆಂದು ಅಕ್ಕೋರು ಇಪ್ಪತ್ತು ವರ್ಷದಿಂದ ತಮ್ಮ ಆಫೀಸಿನಲ್ಲಿ ವಾದಿಸುತ್ತ ಬಂದಿದ್ದರಂತೆ.

"ಅಂದ್ರ ನಾ ಯಂತ್ರಕ್ಕ ಟೋಪಿ ಹಾಕಬೇಕು, ನೀವು ಯಂತ್ರದ ಪರೀಕ್ಷಾ ಮಾಡ್ತೀರಿ."

"ಯಂತ್ರದ ಪರೀಕ್ಷೆ ಬೇರೆಯೋರು ಮಾಡ್ತಾರೆ. ನಾನು ಯಂತ್ರದ ಜೊತೆ ಕೂತಿರೋ ಮನುಷ್ಯರನ್ನ ನೋಡ್ತೀನಿ."

ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿದೆ. ಮನೆಯಲ್ಲಿ ಹೆಂಡತಿ ಕೇಳಿದಳು, "ಏನು ಅಕಿ ಕೆಲಸ?"

"ಹವಾಲ್ದಾರ ನನ್ನ ಚಿತ್ರ ನೋಡ್ತಾನ. ಅಕಿ ಹವಾಲ್ದಾರನ ಮಾರಿ ನೋಡ್ತಾಳ."

"ಅದಕ್ಕ ಸರಕಾರ ಪಗಾರ ಕೊಡ್ತದೇನು?"

"ಕೊಡ್ತದಂತ."

"ನಾ ನಲವತ್ತು ವರ್ಷದಿಂದ ನಿನ್ನ ಮಾರಿ ನೋಡಾಕತ್ತೀನಿ, ನನಗೊಬ್ಬಾಕಿಗೇ ಕೊಡ್ಲಿಲ್ಲ ನೋಡು."

ಹವಾಲ್ದಾರ ಅಂದರೆ ಹುಣಸಗಿಯವನು, ಸೈನ್ಯದಿಂದ ನಿವೃತ್ತನಾಗಿ ಬಂದವನು. ಮೀಸೆಯ ಎರಡೂ ತುದಿ ಒಂದೇ ಅಳತೆ. ಪರದೆಯ ಮುಂದೆ ಕೂರುವ ಕೆಲಸ ಅವನದು. ಅಕ್ಕೋರು ತಮ್ಮ ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ಹಾಕಿಕೊಂಡು ಅವನ ಮುಖವನ್ನು ನೋಡುತ್ತ ಕೂರುತ್ತಿದ್ದರು. ಅಷ್ಟು ದೂರದಿಂದ ಅಷ್ಟು ದೊಡ್ಡ ಯಂತ್ರ ತಂದು ಅದರ ಕಡೆ ತಿರುಗಿಯೂ ನೋಡದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

ಮೊದಲ ದಿನ ಕರಿ ಕಂಬಳಿ ಹೊದ್ದು, ನಾಲ್ಕು ಕಾಲಲ್ಲಿ ಕುರಿಗಳ ನಡುವೆ ಗುಡ್ಡ ದಾಟಿದೆ. ಯಂತ್ರ ತೆಪ್ಪಗಿತ್ತು. ಎರಡನೆಯ ದಿನ ಒಂದು ನಿಂತ ಕಲ್ಲಿಗೆ ನನ್ನ ಅಂಗಿ ತೊಡಿಸಿ ರುಮಾಲು ಸುತ್ತಿದೆ. ಯಂತ್ರ ಚೌಕ ಬರೆಯಿತು, ಹವಾಲ್ದಾರ 'ಹೌದು' ಒತ್ತಿದ. ಐದನೆಯ ದಿನ ಅದೇ ಅಂಗಿಯನ್ನು ಟಗರಿಗೆ ತೊಡಿಸಿ ಬಿಟ್ಟೆ. ಚೌಕ ಬಂತು. ಹವಾಲ್ದಾರ ಬಗ್ಗಿ ನೋಡಿ, ಕಣ್ಣು ಕಿರಿದು ಮಾಡಿ, ಮತ್ತೆ 'ಹೌದು' ಒತ್ತಿದ.

ನಾವು ನಡೆಯುವವರು ಫೋನ್ ಒಯ್ಯುವ ಹಾಗಿರಲಿಲ್ಲ, ಶೆಡ್ಡಿನಲ್ಲಿ ಇಟ್ಟು ಹೋಗಬೇಕು. ಸುತ್ತು ಮುಗಿಸಿ ಹನ್ನೊಂದಕ್ಕೆ ಶೆಡ್ಡಿಗೆ ಬಂದರೆ ಚಹಾ. ಆಗ ಎಲ್ಲೆಲ್ಲಿ ಅಡಗಿದ್ದೆ ಎಂದು ಅಕ್ಕೋರಿಗೆ ಹೇಳಬೇಕು. ಅವರು ಅದನ್ನು ವರದಿ ಎನ್ನುತ್ತಿದ್ದರು. ನಾನು ಅದನ್ನು ಬಡಾಯಿ ಎನ್ನುತ್ತಿದ್ದೆ.

"ಹವಾಲ್ದಾರ, ಟಗರಿಗೆ ಹೌದಪ್ಪಾ ಅಂದಿಯಂತಲ್ಲೋ! ನಾಳಿಗಿ ಸೆಲ್ಯೂಟೂ ಹೊಡಿತಿಯೇನು?"

"ಯಂತ್ರ ಮನಷ್ಯಾ ಅಂತು ಕಾಕಾ, ಅದಕ್ಕ..."

"ಯಂತ್ರ ಅಂತು ಅಂತ ನೀ ಅಂದಿ. ನಿನಗ ಕಣ್ಣ ಇದ್ದಿಲ್ಲೇನು?"

ಅಕ್ಕೋರು ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ನಗು ನಿಂತ ಕೂಡಲೇ ಹವಾಲ್ದಾರನಿಗೆ ಕೇಳುತ್ತಿದ್ದರು, "ನಿಮಗೆ ಯಾಕೆ ಹಾಗನ್ನಿಸ್ತು?" ಅವನು ಬೆವರು ಒರೆಸಿಕೊಂಡು, "ಅನಸ್ತು ಅಂದ್ರ ಅನಸ್ತು ರಿ" ಎನ್ನುತ್ತಿದ್ದ. ಅದನ್ನೂ ಅವರು ಬರೆದುಕೊಳ್ಳುತ್ತಿದ್ದರು.

ನನಗೂ ಕೇಳುತ್ತಿದ್ದರು. ಕುರಿ ಮಧ್ಯಾಹ್ನ ಎಲ್ಲಿ ನಿಲ್ಲುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ. ಬಿಸಿಲೇರಿದರೆ ಕುರಿ ಬಂಡೆ ಬಿಟ್ಟು ನೆರಳಿಗೆ ಇಳಿದು, ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟುಕೊಂಡು ನಿಲ್ಲುತ್ತದೆ ಅಂದೆ. ಬಸ್ಸಿನ ಒಂದು ಕತೆಯನ್ನಂತೂ ಮೂರು ಸಲ ಹೇಳಿಸಿದರು. ಹತ್ತಿಗೂಡೂರು ದಾಟಿದ ಮೇಲೆ ಒಂದು ಬಯಲಿನಲ್ಲಿ ನಾನು ದಿನಾ, "ಕೈ ಒಳಗ ತಗೋರಿ, ಜಾಲಿಕಂಟಿ ಬಂತು!" ಎಂದು ಕೂಗುತ್ತಿದ್ದೆ. ಎಲ್ಲರೂ ಕಿಟಕಿಯಿಂದ ಕೈ ಎಳೆದುಕೊಳ್ಳುತ್ತಿದ್ದರು. ಅಲ್ಲಿ ಮುಳ್ಳಿನ ಒಂದು ಪೊದೆಯೂ ಇರಲಿಲ್ಲ. ತಿಂಗಳಾದ ಮೇಲೆ ನಾನು ಕೂಗದಿದ್ದರೂ ಆ ಜಾಗ ಬಂದರೆ ಕೈಗಳು ಒಳಗೆ ಬರುತ್ತಿದ್ದವು.

"ಕಂಟಿ ಇಲ್ಲ ಅಂತ ಗೊತ್ತಾದ ಮೇಲೂ?"

"ಗೊತ್ತಾದ ಮ್ಯಾಲೂ ರಿ."

"ಯಾಕೆ?"

"ನನಗೇನ್ ಗೊತ್ತು ರಿ. ನೀವು ಓದಿದವ್ರು, ನೀವು ಹೇಳ್ರಿ."

ಅಕ್ಕೋರು ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟು, "ಗೊತ್ತಿಲ್ಲ" ಅಂದರು. ಅವರು ದಿನಕ್ಕೆ ಹತ್ತು ಸಲವಾದರೂ ಆ ಮಾತು ಹೇಳುತ್ತಿದ್ದರು. ಅಷ್ಟು ಓದಿದವರು ಅಷ್ಟು ಸರಾಗವಾಗಿ ಹಾಗೆ ಹೇಳುವುದು ನೋಡಿ, ಇವರು ನಿಜವಾಗಿಯೂ ಓದಿದವರೋ ಅಥವಾ ನನ್ನ ಹಾಗೆ ಯಾರಿಗೋ ಟೋಪಿ ಹಾಕಲು ಬಂದವರೋ ಎಂದು ನನಗೆ ಅನುಮಾನವಿತ್ತು.

ಹತ್ತನೆಯ ದಿನದ ಹೊತ್ತಿಗೆ ಹವಾಲ್ದಾರ ಸೋತಿದ್ದ. ಕುರಿಗಳ ನಡುವೆ ಚೌಕ ಬಂದರೆ ಸಾಕು, ಪರದೆಯನ್ನು ಸರಿಯಾಗಿ ನೋಡುವ ಮೊದಲೇ ಹೆಬ್ಬೆರಳು 'ಅಲ್ಲ' ಒತ್ತಿಬಿಡುತ್ತಿತ್ತು. "ಇನ್ನ ನೀ ನನಗ ಟಗರಿನ ಆಟ ಆಡಸಾಕ ಆಗಂಗಿಲ್ಲ ಕಾಕಾ" ಎಂದು ಮೀಸೆ ತಿರುವಿದ. ನಾನು ನಕ್ಕೆ. ಆವತ್ತು ಅಕ್ಕೋರ ಭುಜ ಕುಣಿಯಲಿಲ್ಲ. ಪೆನ್ಸಿಲಿನ ಒಂದು ಮೊನೆ ಕಚ್ಚಿಕೊಂಡು ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ ವಹಿಯಲ್ಲಿ ಬರೆದರು.

ಮರುದಿನ, ಶಿವರಾತ್ರಿಯ ಹಿಂದಿನ ದಿನ, ನಾನು ಬಿದ್ದೆ.

ಅದರಲ್ಲಿ ಬಡಾಯಿ ಹೊಡೆಯುವಂಥದ್ದು ಏನೂ ಇಲ್ಲ. ಟಗರಿನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎರಡು ಬಂಡೆಗಳ ಸಂದು ದಾಟುತ್ತಿದ್ದೆ. ಅದು ಜಗ್ಗಿತು. ಕಾಲು ಸಂದಿನೊಳಗೆ ಹೋಗಿ ಸಿಕ್ಕಿಕೊಂಡಿತು. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಸುತ್ತ ಎಲ್ಲೂ ಕಟ್ಟಿಗೆ ಇರಲಿಲ್ಲ.

ಕೂಗಿದೆ. ಶೆಡ್ಡು ದೂರ. ಕುರಿಗಳು ಸುತ್ತ ನಿಂತು ನನ್ನನ್ನು ನೋಡಿದವು. ಸ್ವಲ್ಪ ಹೊತ್ತಿಗೆ ಭುಂಯ್ ಎಂದು ಡ್ರೋನ್ ಬಂತು. ಹತ್ತು ದಿನ ಅದರ ಕಣ್ಣು ತಪ್ಪಿಸಿದವನು ಅವತ್ತು ಕಂಬಳಿ ಕಿತ್ತೆಸೆದು ಎರಡೂ ಕೈ ಆಡಿಸಿದೆ. "ಇಲ್ಲಿ ಅದೀನೋ, ನೋಡೋ!" ಎಂದು ಅದಕ್ಕೆ ಕೂಗಿದೆ, ಅದಕ್ಕೆ ಕಿವಿಯೇ ಇಲ್ಲವೆಂಬುದನ್ನು ಮರೆತು. ಅದು ನನ್ನ ನೆತ್ತಿಯ ಮೇಲೆ ಬಂದು ನಿಂತಿತು. ನೋಡಿತು. ನನಗೆ ಅದು ನೋಡಿದ್ದು ಗೊತ್ತಾಯಿತು. ಆಮೇಲೆ ತಿರುಗಿ ಹೋಯಿತು.

ಮತ್ತೆ ಬಂತು, ನಿಂತಿತು, ಹೋಯಿತು. ಮೂರನೆಯ ಸಲವೂ ಹಾಗೇ. ನೋಡದವರು ಹೋದರೆ ಬೇರೆ ಮಾತು. ನೋಡಿ ಹೋದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ನಾನು ಬರೆಯಲಾರೆ. ಬಿಸಿಲೇರಿತು. ನಾಲಿಗೆ ಅಂಗುಳಕ್ಕೆ ಅಂಟಿತು. ನಾನು ಮನುಷ್ಯ ಹೌದೋ ಅಲ್ಲವೋ ಎಂದು ನನಗೇ ಗೊಂದಲವಾಗತೊಡಗಿತು.

ಶೆಡ್ಡಿನಲ್ಲಿ ನಡೆದದ್ದನ್ನು ಹವಾಲ್ದಾರ ಆಮೇಲೆ ಹೇಳಿದ್ದು. ಹನ್ನೊಂದಕ್ಕೆ ಚಹಾ ಬಂತು. ನನ್ನ ಕಪ್ಪು ಹಾಗೇ ಇತ್ತು.

"ಯಜಮಾನ್ರು ಬಂದಿಲ್ಲ" ಅಂದರು ಅಕ್ಕೋರು.

"ಬರ್ತಾನ ಬಿಡ್ರಿ. ಏನೋ ಹೊಸಾ ನಾಟಕ ಹೂಡ್ಯಾನ."

"ಇಷ್ಟು ಹೊತ್ತಿಗೆ ಬಂದು ಬಡಾಯಿ ಕೊಚ್ಚಬೇಕಿತ್ತಲ್ಲ."

ಚಹಾದ ಮೇಲೆ ಕೆನೆ ಕಟ್ಟುವವರೆಗೆ ಅವರು ಆ ಕಪ್ಪನ್ನೇ ನೋಡುತ್ತ ಕೂತಿದ್ದರಂತೆ. ಎದ್ದು ಹೊರಗೆ ಬಂದು ಗುಡ್ಡದ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರಂತೆ. ಬಿಸಿಲು ಸುಡುತ್ತಿತ್ತು. ನನ್ನ ಕುರಿಗಳು ನೆರಳಿಗೆ ಇಳಿದಿರಲಿಲ್ಲ, ಬಂಡೆಯ ಮೇಲೇ ಗುಂಪಾಗಿ ನಿಂತಿದ್ದವು. ಟಗರಿನ ಹಗ್ಗ ನನ್ನ ಕೈಯಲ್ಲಿ, ಟಗರು ಇದ್ದಲ್ಲಿ ಕುರಿ. ಅಕ್ಕೋರು ಯಾರಿಗೂ ಹೇಳದೆ ಓಡಿದರು.

ನನ್ನ ಹತ್ತಿರ ಬಂದಾಗ ಅವರ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕನ್ನಡಕ ಬೆನ್ನ ಮೇಲೆ ತೂಗುತ್ತಿತ್ತು. "ಟೀ ಆರಿ ಹೋಯ್ತಲ್ಲ ಯಜಮಾನ್ರೇ" ಅಂದರು, ಅಂದು ಅಳತೊಡಗಿದರು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದು ನನಗೆ ರೂಢಿಯಿಲ್ಲ. "ನಿಮ್ಮ ಯಂತ್ರಕ್ಕ ಇವತ್ತೂ ಸಿಗಲಿಲ್ಲ ನೋಡ್ರಿ ನಾ" ಅಂದೆ.

ದವಾಖಾನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ಹವಾಲ್ದಾರ ಬಂದ. ಮೀಸೆ ಒಂದು ಕಡೆ ಇಳಿದಿತ್ತು. "ಕಾಕಾ, ಚೌಕ ಮೂರು ಸಲಾನೂ ಬಂತು. ಮೂರು ಸಲಾನೂ ನಾ ಅಲ್ಲ ಅಂತ ಒತ್ತಿದೆ. ಟಗರು ಅಂದ್ಕೊಂಡೆ" ಎಂದು ಕಾಟಿನ ಕಂಬಿ ಹಿಡಿದು ನಿಂತ. ಬೈಯೋಣವೆಂದರೆ ಟಗರಿಗೆ ಅಂಗಿ ತೊಡಿಸಿದವನು ನಾನು. ಸಮಾಧಾನ ಹೇಳೋಣವೆಂದರೆ ಮುರಿದದ್ದು ನನ್ನ ಕಾಲು. ಏನೂ ತೋಚದೆ, "ಬಾಳಿಹಣ್ಣು ತಂದಿಯೇನು?" ಅಂದೆ.

ಮರುದಿನ ಅಕ್ಕೋರು ಬಂದರು. ದಿಲ್ಲಿಯಿಂದ ಅವರ ದೊಡ್ಡ ಸಾಹೇಬರು ಬರುವವರಿದ್ದರು. ಯಂತ್ರ ಮೂರು ಸಲ ಸರಿ, ಮನುಷ್ಯ ಮೂರು ಸಲ ತಪ್ಪು. ಇದು ಗೊತ್ತಾದರೆ ಇಪ್ಪತ್ತು ವರ್ಷದ ಅವರ ವಾದ ಮುಗಿಯಿತು, ಗುಂಡಿ ಯಂತ್ರದ ಕೈಗೆ ಹೋಗುತ್ತದೆ. ಹವಾಲ್ದಾರನೂ ಮನೆಗೆ. ಅಷ್ಟು ನನಗೂ ತಿಳಿಯಿತು.

ಆಗ ನಾನು ನನ್ನಲ್ಲಿದ್ದ ಒಂದೇ ವಿದ್ಯೆಯನ್ನು ಅವರ ಮುಂದೆ ಇಟ್ಟೆ.

"ಅಕ್ಕೋರ, ನಾ ಹೇಳ್ತೀನಿ. ಡ್ರೋನ್ ಬಂದಾಗ ಅಲ್ಲಿ ಟಗರ ಇತ್ತು, ನಾ ಇದ್ದಿಲ್ಲ. ನಾ ಬಿದ್ದದ್ದು ಅದು ಹೋದ ಮ್ಯಾಲ ಅಂತೀನಿ. ಯಾರೂ ಹಿಡಿಯಂಗಿಲ್ಲ. ಮೂವತ್ತೊಂದು ವರ್ಷದ ಸರ್ವಿಸ್ ಐತಿ ನಂದು."

ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು. ಅವರ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತ್ತು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ವಾಲದಿದ್ದರೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಬೇಡ ಯಜಮಾನ್ರೇ" ಅಂದರು ಕೊನೆಗೆ. "ಹಾಗೆ ಬರೆದರೆ ನನ್ನ ವರದಿ ನೀವು ಅಂಗಿ ತೊಡಿಸಿದ ಕಲ್ಲಾಗುತ್ತೆ. ದೂರದಿಂದ ಮನುಷ್ಯನ ಥರ ಕಾಣುತ್ತೆ ಅಷ್ಟೇ."

"ಮತ್ತ ಹವಾಲ್ದಾರ?"

"ಅವರ ತಪ್ಪಿಗಿಂತ ನನ್ನದು ದೊಡ್ಡದು. ಹಿಂದಿನ ದಿನವೇ ನಾನು ಅವರ ಬೆರಳು ನೋಡಿದ್ದೆ. ಅವರಿಗೆ ಯಂತ್ರದ ಮೇಲೆ ನಂಬಿಕೆ ಹೋಗಿದೆ, ಪರೀಕ್ಷೆ ನಿಲ್ಲಿಸಬೇಕು ಅಂತ ಗೊತ್ತಾಗಿತ್ತು. ಇನ್ನೊಂದು ದಿನ ನೋಡೋಣ, ಒಳ್ಳೆ ಸಂಗತಿ ಸಿಗುತ್ತೆ ಅಂತ ಸುಮ್ಮನಿದ್ದೆ. ನೀವು ಬಿದ್ದಿದ್ದು ಆ ಇನ್ನೊಂದು ದಿನ."

ಎಲ್ಲವನ್ನೂ ಬರೆದರು. ಯಂತ್ರದ ಸರಿ, ಹವಾಲ್ದಾರನ ತಪ್ಪು, ಎಲ್ಲಕ್ಕಿಂತ ಮೇಲೆ ತಮ್ಮ ತಪ್ಪು. ಸಾಹೇಬರು ಬಂದ ದಿನ ನನ್ನನ್ನೂ ಕುರ್ಚಿಯಲ್ಲಿ ಕೂರಿಸಿ ಶೆಡ್ಡಿಗೆ ಹೊತ್ತೊಯ್ದಿದ್ದರು. ಸಾಹೇಬರು ವರದಿ ಮಡಚಿಟ್ಟು ಹಿಂದಿಯಲ್ಲಿ ಕೇಳಿದರು, ಹಾಗಾದರೆ ಇನ್ನು ಮುಂದೆ ಕೊನೆಯ ಮಾತು ಯಾರದಿರಬೇಕು ಎಂದು. ಇಪ್ಪತ್ತು ವರ್ಷ ಒಂದೇ ಉತ್ತರ ಕೊಟ್ಟ ಹೆಂಗಸು ಎದ್ದು ನಿಂತು, "ಗೊತ್ತಿಲ್ಲ" ಅಂದರು. ಆಮೇಲೆ, "ಯಂತ್ರ ಇವರನ್ನ ನೋಡಿತು. ಆದರೆ ಇವರು ಟೀಗೆ ಬಂದಿಲ್ಲ ಅನ್ನೋದು ಅದಕ್ಕೆ ಗೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಕೂರಿಸೋದು ಅಂತ ನನಗೆ ಇನ್ನೂ ತಿಳಿದಿಲ್ಲ" ಅಂದರು. ಸಾಹೇಬರ ಮುಖ ಹುಳ್ಳಗಾಯಿತು. ವಾರದೊಳಗೆ ಶೆಡ್ಡು ಬಿಚ್ಚಿದರು. ಅಕ್ಕೋರಿಗೆ ಬೇರೆ ಯಾವುದೋ ಕೋಣೆ, ಬೇರೆ ಯಾವುದೋ ಕೆಲಸ ಕೊಟ್ಟರಂತೆ. ಹವಾಲ್ದಾರನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಪ್ರತಿ ವರ್ಷ ಶಿವರಾತ್ರಿಯ ಬೆಳಿಗ್ಗೆ ಅವರ ಫೋನ್ ಬರುತ್ತಿತ್ತು. ಕಾಲು ಹೇಗಿದೆ, ಟಗರು ಹೇಗಿದೆ. ಕೊನೆಗೆ ಅದೇ ಪ್ರಶ್ನೆ: "ನಿಮಗೇನನ್ನಿಸುತ್ತೆ, ಅವತ್ತು ನಿಮ್ಮನ್ನ ಉಳಿಸಿದ್ದು ಯಾರು?" ಮೊದಲ ವರ್ಷ ಟಗರು ಅಂದೆ. ಎರಡನೆಯ ವರ್ಷ ಚಹಾ ಅಂದೆ. ಆ ಕಡೆ ಪೆನ್ಸಿಲ್ ಓಡುವ ಸದ್ದು. ನೀವೇ ಎಂದು ಈ ವರ್ಷ ಹೇಳಬೇಕೆಂದುಕೊಂಡಿದ್ದೆ. ಹೇಳಿದರೆ, ಯಾಕೆ ಹಾಗನ್ನಿಸ್ತು ಎಂದು ಕೇಳುತ್ತಾರಲ್ಲ, ಅದಕ್ಕೊಂದು ಉತ್ತರವನ್ನೂ ಹುಡುಕಿಟ್ಟಿದ್ದೆ.

ಹವಾಲ್ದಾರ ಫೋನ್ ಇಟ್ಟ ಮೇಲೆ ನಾನು ಅಕ್ಕೋರ ನಂಬರಿಗೆ ಹಚ್ಚಿದೆ. ನೀವು ಕರೆ ಮಾಡಿದವರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಯಂತ್ರದ ಹೆಂಗಸು ಹೇಳಿದಳು. ಹವಾಲ್ದಾರ ಹೇಳಿದ್ದನ್ನೂ ನಂಬಲಿಲ್ಲ, ಅವಳು ಹೇಳಿದ್ದನ್ನೂ ನಂಬಲಿಲ್ಲ. ಮೂರು ಸಲ ಹಚ್ಚಿದೆ. ಆಗ ಹೆಂಡತಿ ಒಲೆಯ ಮುಂದಿನಿಂದ, "ಶಿವರಾತ್ರಿ ದಿನಾನ ನಾ ಹೇಳಿದ್ದಿಲ್ಲೇನು ನಿನಗ?" ಅಂದಳು.

ಹೇಳಿದ್ದಳು. ಆವತ್ತು ಬೆಳಿಗ್ಗೆ ಕಳೆದು ಮಧ್ಯಾಹ್ನವಾದರೂ ಫೋನ್ ಬಂದಿರಲಿಲ್ಲ. "ಅಕಿ ಫೋನ್ ಈ ಸಲ ಬಂದಿಲ್ಲಲ್ಲ, ನೀನರ ಒಂದು ಹಚ್ಚಿ ನೋಡು" ಎಂದು ಕಪ್ಪು ಕೈಗೆ ಕೊಟ್ಟಿದ್ದಳು.

"ಮಾಡ್ತಾರ ಬಿಡು" ಅಂದಿದ್ದೆ ನಾನು. "ಏನೋ ಕೆಲಸದಾಗ ಇರ್ತಾರ."

ಅಂದು ಚಹಾ ಕುಡಿದಿದ್ದೆ. ಚಹಾ ಇನ್ನೂ ಬಿಸಿಯಿತ್ತು.